ಮನೆಮನೆ ಬಲ್ಲವರು ಕೆಲಸ ಬಿಟ್ಟರೆ

ಉಪ್ಪಿನಂಗಡಿ–ಕಡಬ ರಸ್ತೆಯಲ್ಲಿ ಆಲಂಕಾರು ಪೇಟೆಯವರೆಗೆ ಬಸ್ಸಿಗೆ ಬರಗಾಲವಿಲ್ಲ. ಕಷ್ಟ ಇರುವುದು ಅಲ್ಲಿಂದಾಚೆಗೆ. ತೋಟದ ನಡುವೆ, ಗುಡ್ಡೆಯ ಬದಿಯಲ್ಲಿ ಚದುರಿದ ಒಂಟಿ ಮನೆಗಳಿಗೆ ರಿಕ್ಷಾ ಮಾಡಬೇಕು, ಇಲ್ಲವೇ ನಡೆಯಬೇಕು. ಅಂಗವಿಕಲರ ನೆರವಿಗಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ದಿನ ಕಳೆಯುವುದು ಇಂಥ ದಾರಿಗಳಲ್ಲೇ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇರುವ ಈ ವಿಆರ್‌ಡಬ್ಲ್ಯೂಗಳನ್ನು ಅಂಗವಿಕಲರ ಪೈಕಿಯೇ ಆರಿಸಬೇಕೆಂಬುದು ನಿಯಮ. ನೋವು ಬಲ್ಲವರೇ ನೋವಿನ ಮನೆಗೆ ಹೋಗಲಿ ಎಂಬ ಈ ಆಶಯ ದೊಡ್ಡದು. ಆದರೆ ಕಾಲಿನ ಬಲವಿಲ್ಲದವರು ಆಷಾಢದ ಮಳೆಯಲ್ಲಿ ಕಾಲುಸಂಕ ದಾಟುವುದು ಹೇಗೆ? ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಬಸ್ಸಿನಲ್ಲಿ 100 ಕಿ.ಮೀ.ವರೆಗೆ ನಡೆಯುತ್ತದೆ, ಬಸ್ಸೇ ಹೋಗದ ಕಡೆ ರಿಕ್ಷಾ ಬಾಡಿಗೆ ಅವರದೇ ಕಿಸೆಯಿಂದ.

ಈ ಸೀಮೆಗೆ ಅಂಥವರ ಅಗತ್ಯ ಬೇರೆಡೆಗಿಂತ ಹೆಚ್ಚು. ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ 1980ರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಫಲವನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರಂತೆ ಇತ್ತಲಿನ ಊರುಗಳವರೂ ಉಂಡಿದ್ದಾರೆ. ಆಲಂಕಾರಿಗೆ ಹತ್ತಿರದ ಕೊಯಿಲದಲ್ಲಿ ಎಂಡೋ ಪೀಡಿತರ ಪಾಲನಾ ಕೇಂದ್ರ ಇರುವುದೇ ಆ ಕಾರಣಕ್ಕೆ. ಸುಪ್ರೀಂ ಕೋರ್ಟು 2011ರಲ್ಲಿ ವಿಷವನ್ನು ನಿಷೇಧಿಸಿತು. ಆದರೆ ಅದರಿಂದ ಅಂಗವಿಕಲರಾದ ಅಂದಿನ ಮಕ್ಕಳು ಇಂದು ಬೆಳೆದ ಆಳುಗಳು, ಅವರನ್ನು ಎತ್ತಿ ಮೀಯಿಸುವ ತಾಯಂದಿರಿಗೆ ಮುಪ್ಪು ಬಂದಿದೆ.

ಇಂಥ ಒಂದು ಮನೆಯಲ್ಲಿ ಮಗನಿಗೆ ಆಧಾರ್ ಮಾಡಿಸುವ ಕೆಲಸವನ್ನೇ ನೋಡಿ. ಮಡಚಿಕೊಂಡ ಬೆರಳು ಯಂತ್ರದ ಗಾಜಿನ ಮೇಲೆ ನೆಟ್ಟಗೆ ಕೂರುವುದಿಲ್ಲ. ಕಣ್ಣಿನ ಗುರುತು ಹಿಡಿಯೋಣವೆಂದರೆ ದೃಷ್ಟಿ ಒಂದು ಕಡೆ ನಿಲ್ಲುವುದಿಲ್ಲ. ಆಧಾರ್ ಇಲ್ಲದೆ ಮಾಸಾಶನಕ್ಕೆ ದಾರಿಯಿಲ್ಲ. ಆ ಮಗ ಯಾವ ಹೊತ್ತಿಗೆ ಶಾಂತವಾಗಿರುತ್ತಾನೆ, ಯಾರು ಕೈ ಹಿಡಿದರೆ ಹೆದರುವುದಿಲ್ಲ, ತಾಯಿಯೊಡನೆ ತುಳುವಿನಲ್ಲಿ ಹೇಗೆ ಮಾತು ತೆಗೆಯಬೇಕು ಎಂಬುದು ಯಾವ ಕಡತದಲ್ಲೂ ಇಲ್ಲ. ವರ್ಷಗಟ್ಟಲೆ ಆ ಜಗಲಿಯಲ್ಲಿ ಕೂತು ಎದ್ದವರಿಗೆ ಮಾತ್ರ ಅದು ಗೊತ್ತು. ಅವರು ಕೆಲಸ ಬಿಟ್ಟ ದಿನ ಆ ತಿಳಿವಳಿಕೆಯೂ ಹೊರಟುಹೋಗುತ್ತದೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಕೇಳುತ್ತಾರೆ, ತಾಯಿ ಮತ್ತೆ ಅದೇ ಕಥೆ ಹೇಳುತ್ತಾಳೆ.

ಬಿಟ್ಟುಹೋದವರಿಗೆ ಸೇವಾ ಮನೋಭಾವ ಇರಲಿಲ್ಲ ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ವಿಆರ್‌ಡಬ್ಲ್ಯೂಗಳ ಗೌರವಧನ 6 ಸಾವಿರದಿಂದ 9 ಸಾವಿರಕ್ಕೆ ಏರಿದ್ದೇ ದೊಡ್ಡ ಸುದ್ದಿಯಾಗಿತ್ತು. ಸೇವಾ ಭದ್ರತೆ ಕೊಡಿ ಎಂಬ ಅವರ ಬೇಡಿಕೆ ಹಳೆಯದು. ಮನವಿ ಪತ್ರಗಳನ್ನು ಕೊಟ್ಟೂ ಕೊಟ್ಟೂ ಸುಸ್ತಾಗಿದ್ದಾರೆ. ಪುತ್ತೂರಿನ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕರೂ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ರಾತ್ರಿ ಫೋನು ಬರುವುದಿಲ್ಲ. ಸಮಾಜಕಾರ್ಯವನ್ನೇ ಓದಿದವರ ಪಾಡೂ ಬೇರೆಯಲ್ಲ. ಮಂಗಳೂರಿನಲ್ಲಿ ರೋಶನಿ ನಿಲಯ 1960ರಿಂದ ಈ ವಿದ್ಯೆ ಕಲಿಸುತ್ತಿದೆ, ಉಜಿರೆಯಲ್ಲೂ ಎಂಎಸ್‌ಡಬ್ಲ್ಯೂ ಇದೆ. ಆದರೆ ಪದವಿ ಪಡೆದ ಅನೇಕರು ಸೇರುವುದು ಕಂಪನಿಗಳ ಎಚ್‌ಆರ್ ವಿಭಾಗಕ್ಕೆ. ಮನೆ ನಡೆಸಬೇಕಾದವರನ್ನು ದೂರುವುದು ಹೇಗೆ?

ಇವರಂತೆ ಗೌರವಧನದ ಮೇಲೆಯೇ ದುಡಿಯುವ ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆಶಾ ಕಾರ್ಯಕರ್ತೆಯರಿಗೆ ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಸಿಕ್ಕಿದ್ದು 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಕುಳಿತ ಮೇಲೆ. ಸಂಖ್ಯೆ ದೊಡ್ಡದಿದ್ದುದರಿಂದ ಅವರ ಕೂಗು ಕೇಳಿಸಿತು. ಪಂಚಾಯಿತಿಗೊಬ್ಬರಿರುವ ವಿಆರ್‌ಡಬ್ಲ್ಯೂಗಳಿಗೆ ಆ ಬಲವೂ ಇಲ್ಲ.

ಅಂಗವಿಕಲರಿಗಾಗಿ ಪ್ರತಿ ಪಂಚಾಯಿತಿ ಶೇ 5ರಷ್ಟು ಹಣ ಎತ್ತಿಡಬೇಕು. ಆ ಹಣ ಮನೆಮನೆಗೆ ತಲುಪುವಂತೆ ನೋಡಿಕೊಳ್ಳುವವರ ರಿಕ್ಷಾ ಬಾಡಿಗೆಗೂ ಸರ್ಕಾರ ಒಂದು ದಾರಿ ಮಾಡಲಿ. ಗೌರವಧನ ಪ್ರತಿ ತಿಂಗಳು ಗೊತ್ತಾದ ತಾರೀಕಿಗೆ ಕೈಸೇರಲಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಮಾತಿನ ಜೊತೆ ಇದನ್ನೂ ಯಾರಾದರೂ ಎದ್ದು ನಿಂತು ಕೇಳಬೇಕು. ದಯವಿಟ್ಟು ನೀವೇ ಕೇಳಿ.