ಮೂಗಿನ ಮೇಲಿನ ಸತು

ತೊಂಬತ್ತರ ದಶಕದ ಕ್ರಿಕೆಟ್ ನೋಡಿದವರು ದಕ್ಷಿಣ ಆಫ್ರಿಕಾದ ವೇಗಿ ಅಲನ್ ಡೊನಾಲ್ಡ್ ಮುಖವನ್ನು ಮರೆತಿರಲಿಕ್ಕಿಲ್ಲ. ಮೂಗು, ಕೆನ್ನೆಗೆಲ್ಲ ಸುಣ್ಣ ಬಳಿದಂಥ ಬಿಳಿ ಪಟ್ಟೆ. ಬ್ಯಾಟ್ಸ್‌ಮನ್‌ಗಳನ್ನು ಹೆದರಿಸಲು ಹಾಕಿದ ವೇಷವೆಂದೇ ನಾನು ನಂಬಿದ್ದೆ. ಅದು ಬಿಸಿಲು ತಡೆಯಲು ಹಚ್ಚಿದ ಜಿಂಕ್ ಆಕ್ಸೈಡ್, ಸತುವಿನಿಂದ ಮಾಡಿದ ಬಿಳಿ ಪುಡಿಯ ಲೇಪ. ತುರಿಕೆ, ಬೆವರುಸಾಲೆಗೆ ನಾವು ಹಚ್ಚುವ ಕ್ಯಾಲಮೈನ್‌ನಲ್ಲಿರುವುದೂ ಅದೇ. ಅದಕ್ಕೆ ಗುಲಾಬಿ ಬಣ್ಣ ಕೊಡುವುದು ಚೂರು ಕಬ್ಬಿಣದ ಆಕ್ಸೈಡ್.

ಸನ್‌ಸ್ಕ್ರೀನಿನಲ್ಲಿ ಬಿಸಿಲು ತಡೆಯುವ ಖನಿಜಗಳು ಮುಖ್ಯವಾಗಿ ಎರಡು: ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್. ಇವು ಕನ್ನಡಿಯ ಹಾಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ ಎಂಬ ಮಾತು ಜಾಹೀರಾತುಗಳಲ್ಲೂ ಇದೆ. ಪೂರ್ತಿ ನಿಜವಲ್ಲ. ನೇರಳಾತೀತ ಕಿರಣಗಳಲ್ಲಿ ಇವು ಹಿಂದಿರುಗಿಸುವುದು ಶೇ. 5ರ ಆಸುಪಾಸು ಮಾತ್ರ. ತಡೆಯುವ ಕೆಲಸದ ಬಹುಪಾಲು ನಡೆಯುವುದು ಹೀರಿಕೊಳ್ಳುವುದರಿಂದ, ‘ರಾಸಾಯನಿಕ’ ಸನ್‌ಸ್ಕ್ರೀನ್ ಮಾಡುವ ಹಾಗೆಯೇ. ಮುಖ ಬಿಳಿಚಿಕೊಳ್ಳುವುದು ಕಣ್ಣಿಗೆ ಕಾಣುವ ಬೆಳಕನ್ನು ಕಣಗಳು ಚದುರಿಸುವುದರಿಂದ. ಕಣ 100 ನ್ಯಾನೋಮೀಟರಿಗಿಂತ ಸಣ್ಣದಾದರೆ ಬಿಳುಪು ತಗ್ಗುತ್ತದೆ.

ಅಷ್ಟು ಸಣ್ಣದು ಮೈಯೊಳಗೆ ಇಳಿಯದೇ? ಭಯ ಹುಟ್ಟಿದ್ದು ಇಲ್ಲಿಂದ. ಆರೋಗ್ಯವಂತ ಚರ್ಮದ ಮೇಲೆ ನಡೆದ ಪರೀಕ್ಷೆಗಳಲ್ಲಿ ಕಣಗಳು ಹೊರಗಿನ ಸತ್ತ ಪದರದಲ್ಲೇ ಉಳಿದಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಸನ್‌ಸ್ಕ್ರೀನಿನ 16 ಘಟಕಗಳನ್ನು ಜಾಲಾಡಿ, ಸುರಕ್ಷಿತವೆಂದು ಒಪ್ಪಲು ಮುಂದಾದದ್ದು ಇವೆರಡನ್ನೇ, ಅದೂ ಶೇ. 25ರ ಮಿತಿಯೊಳಗೆ. 12ಕ್ಕೆ ಇನ್ನಷ್ಟು ಮಾಹಿತಿ ಬೇಕೆಂದಿತು. ಅವು ವಿಷವೆಂದು ಹೇಳಲಿಲ್ಲ. ಟೈಟಾನಿಯಂ ಕಣಕ್ಕೆ ಬಿಸಿಲು ತಾಗಿದರೆ ಪಕ್ಕದ ಅಣುಗಳನ್ನು ಕೆಣಕುವ ಚಾಳಿಯುಂಟು. ಅದಕ್ಕೆಂದೇ ತಯಾರಕರು ಅದರ ಮೇಲೆ ಸಿಲಿಕಾ ಅಥವಾ ಅಲ್ಯೂಮಿನಾದ ಅಂಗಿ ತೊಡಿಸುತ್ತಾರೆ.

ನಿಜವಾದ ತಕರಾರು ಉಸಿರಿನದು. ಟೈಟಾನಿಯಂ ಡೈಆಕ್ಸೈಡ್ ಧೂಳು ಸೇದಿದ ಇಲಿಗಳಲ್ಲಿ ಶ್ವಾಸಕೋಶದ ಗೆಡ್ಡೆ ಕಂಡದ್ದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ’ ಪಟ್ಟಿಗೆ ಸೇರಿಸಿದೆ. ಕ್ರೀಮಿನಲ್ಲಿ ಕಲೆತ ಪುಡಿ ಮೂಗಿಗೆ ಹಾರುವುದಿಲ್ಲ. ಸ್ಪ್ರೇ, ಪೌಡರ್ ಹಾರುತ್ತವೆ. ಮಕ್ಕಳಿರುವ ಮನೆಗೆ ನಾನಂತೂ ಟ್ಯೂಬನ್ನೇ ತರುತ್ತೇನೆ.

ಬಿಳಿ ಕಾಣುತ್ತದೆಂದು ಚೂರೇ ಸವರಿಕೊಂಡರೆ ಟ್ಯೂಬಿನ ಮೇಲೆ ಬರೆದ ಎಸ್‌ಪಿಎಫ್ ಸಿಗದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ. ನಮ್ಮ ಕಂದು ಮೈಬಣ್ಣಕ್ಕೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಒಪ್ಪುತ್ತದೆ. ಬಂಗು ಇದ್ದವರಿಗಂತೂ ಅದೇ ಮೇಲು: ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ತಡೆಯುವುದು ಆ ಬಣ್ಣದಲ್ಲಿರುವ, ಕ್ಯಾಲಮೈನ್‌ನ ಅದೇ ಕಬ್ಬಿಣದ ಆಕ್ಸೈಡ್. ಹಾಗೆಂದು ಕ್ಯಾಲಮೈನನ್ನೇ ಬಳಿದುಕೊಂಡು ಹೊರಡಬೇಡಿ. ಅದು ತುರಿಕೆಯ ಔಷಧ.