ವೇಷದ ಮೆರುಗು, ಪದದ ತಿರುಳು

ರಾಜರಾಜೇಶ್ವರಿನಗರದ ನಮ್ಮ ಬೀದಿಯಲ್ಲಿ ಸಂಜೆಯ ಪೂಜಾವೇಳೆಗೆ ಗಂಟೆಯ ಸದ್ದಿನೊಡನೆ ಗಿಟಾರಿನ ನಾದವೂ ಕೇಳಿಬರುವುದುಂಟು. “ಓದಿದ ಮಗ ಕೆಲಸ ಬಿಟ್ಟು ಸಂಗೀತಕ್ಕೇ ನಿಲ್ಲುತ್ತೇನೆನ್ನುತ್ತಾನೆ. ಕೋಣೆಯೊಳಗೆ ತಾನೊಬ್ಬನೇ ಎಲ್ಲ ವಾದ್ಯ ನುಡಿಸಿ ಮುದ್ರಿಸಿಕೊಳ್ಳುತ್ತಾನೆ. ಹೊರಗೆ ಹೊರಟರೆ ಮಿನುಗುವ ಅಂಗಿ! ಏನು ಮಾಡಲಿ, ಶಾಸ್ತ್ರಿಗಳೇ?” ಎಂದು ನೆರೆಯ ಗೃಹಸ್ಥರು ಕೇಳಿದರು. ಒಡನೆಯೇ ಉತ್ತರ ಹೊಳೆಯಲಿಲ್ಲ.

ವಿಚಾರಿಸಿದರೆ ಇದು ಹೊಸ ಸಾಹಸವಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ‘ಗ್ಲಾಮ್ ರಾಕ್’ ಎಂಬ ಸಂಗೀತಪಂಥ ಮೆರೆಯಿತು. ಮಾರ್ಕ್ ಬೋಲನ್, ಡೇವಿಡ್ ಬೌಯಿ ಮೊದಲಾದವರು ಥಳಥಳಿಸುವ ಉಡುಪು ತೊಟ್ಟು, ಮುಖಕ್ಕೆ ಬಣ್ಣ ಹಚ್ಚಿ ರಂಗವೇರಿದರು. ಅದೇ ಪಂಥದ ರಾಯ್ ವುಡ್ 1973ರಲ್ಲಿ ಹೊರಬಂದ ‘ಬೌಲ್ಡರ್ಸ್’ ಎಂಬ ತಮ್ಮ ಮೊದಲ ಏಕವ್ಯಕ್ತಿ ಆಲ್ಬಮ್ಮಿನಲ್ಲಿ ಬಹುತೇಕ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿದರು. ಒಂದು ವಾದ್ಯವನ್ನು ಮುದ್ರಿಸಿ, ಅದನ್ನು ಕೇಳುತ್ತಲೇ ಮತ್ತೊಂದನ್ನು ಅದರ ಮೇಲೆ ಕೂಡಿಸುವುದು ಇದರ ಕ್ರಮ. ವೇಷ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಏಕಾಂತದ ದುಡಿಮೆ ಬೀಳುವುದಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ನಿದರ್ಶನ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಭರತನಾಟ್ಯವನ್ನು ಕಲಿತ ಇವರು ಗಿಟಾರನ್ನು ಸ್ವಂತ ಅಭ್ಯಾಸದಿಂದ ಸಾಧಿಸಿದರು. ‘ಅಂತರಾಗ್ನಿ’ ತಂಡವನ್ನು ಕಟ್ಟಿ ವರ್ಷಗಳು ಕಳೆದರೂ ಆಲ್ಬಂ ಹೊರತರುವವರು ದೊರೆಯಲಿಲ್ಲ. ಕೊನೆಗೆ ಮುಂಬಯಿಯ ಸಂಗೀತನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ 2008ರಲ್ಲಿ ಅವರ ಹೆಸರಿನದೇ ಮೊದಲ ಆಲ್ಬಂ ಬಂದಿತು. ರಾಯ್ ವುಡ್‌ರಂತೆ ಎಲ್ಲವನ್ನೂ ತಾವೇ ನುಡಿಸದೆ, ಸಹವಾದಕರನ್ನು ಕೂಡಿಸಿಕೊಂಡರು. ರಂಗದ ಮೇಲೆ ಅವರ ವೇಷ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ.

ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ (1819–1889) ಎರಡು ತತ್ತ್ವಪದಗಳಿವೆ: ಗುಡುಗುಡಿಯದೊಂದು, ಸೋರುವ ಮಾಳಿಗೆಯದೊಂದು. ಸಿ. ಅಶ್ವಥ್ ಅವರ ಕಂಠದಿಂದ ಹಿಂದಿನ ತಲೆಮಾರಿಗೆ ಪರಿಚಿತವಾಗಿದ್ದ ಶರೀಫರು ಹೀಗೆ ಗಿಟಾರು, ಡ್ರಮ್ಮುಗಳೊಡನೆ ಹೊಸ ತಲೆಮಾರಿನ ಮನೆಯನ್ನು ಹೊಕ್ಕರು. ವೇಷ ಜನರನ್ನು ಕರೆತಂದಿತು. ಅವರನ್ನು ನಿಲ್ಲಿಸಿದ್ದು ಪದದ ತಿರುಳು.

ಇದನ್ನೆಲ್ಲ ಗೃಹಸ್ಥರಿಗೆ ತಿಳಿಸಿ, “ಜೀವನೋಪಾಯದ ಚಿಂತೆ ನ್ಯಾಯವಾದದ್ದೇ. ಆದರೆ ಇದು ಅವನಿಗೆ ಕಾಯಕವೋ ಕೇವಲ ಶೋಕಿಯೋ ಎಂಬುದನ್ನು ಅಂಗಿ ಹೇಳದು. ಅವನು ಮುದ್ರಿಸಿದ್ದನ್ನು ಕೇಳಿದ್ದೀರಾ?” ಎಂದೆ.

ಅವರು ತಲೆ ತಗ್ಗಿಸಿದರು. “ಆರು ತಿಂಗಳಿಂದ ಆ ಕೋಣೆಯ ಹೊಸ್ತಿಲನ್ನೇ ದಾಟಿಲ್ಲ.”

“ಹಾಗಾದರೆ ಮೊದಲು ಹೊಸ್ತಿಲು ದಾಟಿರಿ. ತೀರ್ಮಾನ ಆಮೇಲೆ.”