ಕೈದೀಪದ ಬೆಳಕನ್ನು ಹೆಚ್ಚಿಸುವುದು ಹೇಗೆ?

ಕತ್ತಲೆಯಲ್ಲಿ ದಾರಿ ತೋರುವ ಬ್ಯಾಟರಿ ದೀಪವು ಇನ್ನೂ ಸ್ವಲ್ಪ ಪ್ರಖರವಾಗಿದ್ದರೆ ಎಷ್ಟು ಚೆನ್ನು ಎಂದು ಬಯಸದವರು ವಿರಳ. ಯಂತ್ರಗಳನ್ನು ಬಿಚ್ಚಿ ನೋಡುವ ಹವ್ಯಾಸವುಳ್ಳವರಂತೂ ಬಯಕೆಯಲ್ಲಿಯೇ ನಿಲ್ಲದೆ, ಟಾರ್ಚಿನ ಒಡಲನ್ನು ತೆರೆದು ಅದರ ಬೆಳಕನ್ನು ಹೆಚ್ಚಿಸಲು ಕೈಹಾಕುತ್ತಾರೆ. ಇದು ಸಾಧ್ಯವೇ? ಖಂಡಿತವಾಗಿಯೂ ಸಾಧ್ಯ. ಆದರೆ ಹೆಚ್ಚು ವಿದ್ಯುತ್ತನ್ನು ಹರಿಸಿದರೆ ಬೆಳಕು ತಾನಾಗಿಯೇ ಹೆಚ್ಚುವುದೆಂಬ ಎಣಿಕೆ ಅರ್ಧಸತ್ಯ ಮಾತ್ರ. ಉಳಿದರ್ಧವು ಶಾಖಕ್ಕೆ ಸಂಬಂಧಿಸಿದುದು. ಅದನ್ನರಿಯದೆ ಹೊರಟವರಿಗೆ ಕೊನೆಯಲ್ಲಿ ದೊರೆಯುವುದು ಸುಟ್ಟ ದೀಪವೇ ಹೊರತು ಪ್ರಖರ ದೀಪವಲ್ಲ.

ಹಿಂದಿನ ಟಾರ್ಚುಗಳಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬು ಇರುತ್ತಿತ್ತು. ತಂತಿ ಬಿಸಿಯೇರಿದಂತೆ ಅದರ ರೋಧವೂ ಏರುವುದರಿಂದ ಪ್ರವಾಹಕ್ಕೆ ತಾನಾಗಿಯೇ ಕಡಿವಾಣ ಬೀಳುತ್ತಿತ್ತು. ಇಂದು ಆ ಬಲ್ಬಿನ ಸ್ಥಾನವನ್ನು ಎಲ್‌ಇಡಿ, ಎಂದರೆ ಬೆಳಕು ಸೂಸುವ ಡಯೋಡು, ಪಡೆದಿದೆ. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಿಂದಾದ ಸಣ್ಣ ಹರಳಿನಲ್ಲಿ ಎರಡು ಬಗೆಯ ಪದರಗಳು ಕೂಡುವ ಸಂಧಿಯೊಂದಿದೆ. ಅಲ್ಲಿ ಎಲೆಕ್ಟ್ರಾನುಗಳು ‘ರಂಧ್ರ’ಗಳೊಡನೆ ಸೇರಿದಾಗ ನೀಲಿ ಬೆಳಕು ಹೊಮ್ಮುತ್ತದೆ. ಹರಳಿನ ಮೇಲಿರುವ ಫಾಸ್ಫರ್ ಲೇಪವು ಆ ನೀಲಿಯ ಒಂದು ಭಾಗವನ್ನು ಹೀರಿ ಹಳದಿ ಬೆಳಕಾಗಿ ಮಾರ್ಪಡಿಸುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತವೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಈ ಡಯೋಡಿನ ಸ್ವಭಾವ ತಂತಿಯ ಸ್ವಭಾವಕ್ಕೆ ತದ್ವಿರುದ್ಧವಾದುದು. ಅದು ಬೆಳಗಲು ಸುಮಾರು 3 ವೋಲ್ಟುಗಳ ಒತ್ತಡ ಬೇಕು. ಅಲ್ಲಿಂದ ಮುಂದೆ ಒತ್ತಡವು ಕೊಂಚವೇ ಏರಿದರೂ ಪ್ರವಾಹವು ಬಹಳವಾಗಿ ಏರುತ್ತದೆ. ಇದಲ್ಲದೆ, ಹರಳು ಬಿಸಿಯಾದಷ್ಟೂ ಅದಕ್ಕೆ ಬೇಕಾಗುವ ಒತ್ತಡ ಕಡಿಮೆಯಾಗುತ್ತ ಹೋಗುತ್ತದೆ. ಒತ್ತಡವನ್ನು ಸ್ಥಿರವಾಗಿಟ್ಟೆವೆಂದರೆ ಶಾಖದಿಂದ ಪ್ರವಾಹವೂ ಪ್ರವಾಹದಿಂದ ಶಾಖವೂ ಒಂದನ್ನೊಂದು ಬೆಳೆಸುತ್ತ, ಕೊನೆಗೆ ಹರಳನ್ನೇ ಸುಟ್ಟುಬಿಡಬಲ್ಲವು. ಆದುದರಿಂದ ಎಲ್‌ಇಡಿಗೆ ಉಣಿಸಬೇಕಾದುದು ಗೊತ್ತಾದ ಒತ್ತಡವನ್ನಲ್ಲ, ಗೊತ್ತಾದ ಪ್ರವಾಹವನ್ನು. ಈ ಕೆಲಸವನ್ನು ಮಾಡುವ ಚಿಕ್ಕ ಮಂಡಲಕ್ಕೆ ಡ್ರೈವರ್ ಎಂದು ಹೆಸರು.

ಒಂದೇ ಲಿಥಿಯಂ ಅಯಾನ್ ಕೋಶದಿಂದ ಉರಿಯುವ ಅನೇಕ ಟಾರ್ಚುಗಳ ಡ್ರೈವರಿನಲ್ಲಿ ‘7135’ ಎಂಬ ಚಿಪ್ಪನ್ನು ಬಳಸುತ್ತಾರೆ. ಪ್ರತಿಯೊಂದು ಚಿಪ್ಪೂ ಸುಮಾರು 350 ಮಿಲಿಆಂಪಿಯರ್ ಪ್ರವಾಹವನ್ನು ಮಾತ್ರ ಬಿಡುತ್ತದೆ. ಸಮಾಂತರವಾಗಿ ಜೋಡಿಸಿದ ನಾಲ್ಕು ಚಿಪ್ಪುಗಳಿದ್ದರೆ 1.4 ಆಂಪಿಯರ್, ಎಂಟಿದ್ದರೆ 2.8 ಆಂಪಿಯರ್. ಇರುವ ಚಿಪ್ಪಿನ ಬೆನ್ನ ಮೇಲೆಯೇ ಮತ್ತೊಂದನ್ನು ಕೂರಿಸಿ ಕಾಲುಗಳನ್ನು ಬೆಸೆದು ಪ್ರವಾಹವನ್ನು ಹೆಚ್ಚಿಸುವುದು ಹವ್ಯಾಸಿಗಳ ಬಹು ಪ್ರಚಲಿತ ವಿಧಾನ.

ಇದರಿಂದ ದೊರೆಯುವ ಲಾಭವೆಷ್ಟು? 2010ರಲ್ಲಿ ಅಮೆರಿಕದ ಕ್ರೀ ಸಂಸ್ಥೆಯು ಹೊರತಂದ, ಟಾರ್ಚುಗಳಲ್ಲಿ ಹೇರಳವಾಗಿ ಬಳಕೆಗೆ ಬಂದ ‘ಎಕ್ಸ್‌ಎಂ-ಎಲ್’ ಎಂಬ ಎಲ್‌ಇಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಯಾರಕರು ತಿಳಿಸಿದಂತೆ 2 ಆಂಪಿಯರ್ ಪ್ರವಾಹದಲ್ಲಿ ಅದರ ಬೆಳಕು 725 ಲ್ಯೂಮೆನ್, 3 ಆಂಪಿಯರಿನಲ್ಲಿ 1000 ಲ್ಯೂಮೆನ್. ಪ್ರವಾಹ ಒಂದೂವರೆಯಷ್ಟಾದರೂ ಬೆಳಕು ಹೆಚ್ಚಿದುದು ಶೇಕಡಾ 38 ಮಾತ್ರ. ಪ್ರವಾಹ ಏರಿದಷ್ಟೂ ಹರಳಿನ ದಕ್ಷತೆ ಕುಗ್ಗುವುದೇ ಇದಕ್ಕೆ ಕಾರಣ. ಮೇಲಾಗಿ ಬೆಳಕು ಇಮ್ಮಡಿಯಾದರೆ ನಮ್ಮ ಕಣ್ಣಿಗೆ ಅದು ಇಮ್ಮಡಿಯಾಗಿ ತೋರುವುದಿಲ್ಲ. ಈ ಎಲ್‌ಇಡಿಗೆ ಗೊತ್ತುಮಾಡಿದ ಪರಮಾವಧಿ ಪ್ರವಾಹ 3 ಆಂಪಿಯರ್. ಅದರಾಚೆಗೆ ಹೋಗಿ ಪಡೆಯುವ ಅಲ್ಪ ಬೆಳಕಿಗಾಗಿ ದೀಪದ ಆಯುಸ್ಸನ್ನೇ ತೆರಬೇಕಾಗುತ್ತದೆ.

ಈಗ ಶಾಖದ ಲೆಕ್ಕವನ್ನು ನೋಡೋಣ. 3 ಆಂಪಿಯರಿನಲ್ಲಿ ಈ ಹರಳು ಸುಮಾರು 10 ವಾಟ್ ಶಕ್ತಿಯನ್ನು ಸೆಳೆಯುತ್ತದೆ. ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳಕಾಗಿ ಹೊರಬಿದ್ದರೆ, ಉಳಿದ ಸುಮಾರು 7 ವಾಟ್ ಶಾಖವಾಗಿ ಬೆರಳ ತುದಿಗಿಂತಲೂ ಚಿಕ್ಕದಾದ ಆ ಜಾಗದಲ್ಲಿಯೇ ಹುಟ್ಟುತ್ತದೆ. ಸಂಧಿಯ ಉಷ್ಣತೆ 150 ಡಿಗ್ರಿ ಸೆಲ್ಸಿಯಸನ್ನು ಮೀರಬಾರದು. ಅದಕ್ಕೆ ಬಹು ಮುಂಚೆಯೇ ಬೆಳಕು ಕುಂದತೊಡಗುತ್ತದೆ.

ಶಾಖವು ಹರಳಿನಿಂದ ಅಡಿಯ ಬಿಲ್ಲೆಗೆ, ಬಿಲ್ಲೆಯಿಂದ ಟಾರ್ಚಿನ ಲೋಹದ ಒಡಲಿಗೆ, ಒಡಲಿನಿಂದ ಕೈಗೂ ಗಾಳಿಗೂ ಹರಿದುಹೋಗಬೇಕು. ಕಾಲುವೆ ಎಷ್ಟೇ ಅಗಲವಾಗಿದ್ದರೂ ಒಂದೆಡೆ ಕಲ್ಲು ಅಡ್ಡಬಿದ್ದರೆ ನೀರು ನಿಲ್ಲುವಂತೆ, ಈ ಹಾದಿಯಲ್ಲಿಯೂ ಒಂದು ಅಡ್ಡಿಯುಂಟು. ಅಗ್ಗದ ಟಾರ್ಚುಗಳಲ್ಲಿ ಎಲ್‌ಇಡಿಯನ್ನು ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಕೂರಿಸಿರುತ್ತಾರೆ. ನಡುವೆ ವಿದ್ಯುತ್ತನ್ನು ತಡೆಯುವ ತೆಳುಪದರವೊಂದಿರುತ್ತದೆ. ಈ ಪದರದ ಉಷ್ಣವಾಹಕತೆ ಸಾಮಾನ್ಯವಾಗಿ ತಾಮ್ರದ ನೂರನೆಯ ಒಂದು ಪಾಲಿನಷ್ಟೂ ಇರದು. ಎಕ್ಸ್‌ಎಂ-ಎಲ್‌ನಂತಹ ಎಲ್‌ಇಡಿಗಳ ತಳದ ನಡುಭಾಗದಲ್ಲಿರುವ ಲೋಹದ ಪಟ್ಟಿಗೆ ವಿದ್ಯುತ್ ಸಂಪರ್ಕವಿಲ್ಲ. ಅದು ಶಾಖಕ್ಕಾಗಿಯೇ ಮೀಸಲು. ಆದುದರಿಂದ ಆ ಪಟ್ಟಿಯನ್ನು ನೇರವಾಗಿ ತಾಮ್ರಕ್ಕೆ ಬೆಸೆಯುವಂತೆ ರಚಿಸಿದ ತಾಮ್ರದ ಬಿಲ್ಲೆಗಳು ಬಂದಿವೆ. ಹಳೆಯ ಬಿಲ್ಲೆಯ ಬದಲು ಇದನ್ನು ಕೂರಿಸಿ, ಅದರಡಿಯಲ್ಲಿ ಶಾಖವಾಹಕ ಲೇಪವನ್ನು ತೆಳ್ಳಗೆ ಬಳಿದರೆ ಅಡ್ಡಿ ಬಹುಮಟ್ಟಿಗೆ ತೊಲಗುತ್ತದೆ. ಪ್ರವಾಹವನ್ನು ಹೆಚ್ಚಿಸುವ ಮೊದಲು ಮಾಡಬೇಕಾದ ಕೆಲಸ ಇದು.

150 ಗ್ರಾಂ ತೂಕದ ಅಲ್ಯುಮಿನಿಯಂ ಒಡಲು 7 ವಾಟ್ ಶಾಖವನ್ನು ಹೀರಿದರೆ, ಮೊದಮೊದಲು ನಿಮಿಷಕ್ಕೆ ಸುಮಾರು 3 ಡಿಗ್ರಿಯಂತೆ ಬಿಸಿಯಾಗುತ್ತದೆ. ಟಾರ್ಚಿನ ಹೊರಮೈ ಬೇಗ ಬೆಚ್ಚಗಾದರೆ ಅನೇಕರು ಗಾಬರಿಗೊಳ್ಳುತ್ತಾರೆ. ನಿಜವಾಗಿ ಅದು ಶುಭಲಕ್ಷಣ. ಪೂರ್ಣ ಬೆಳಕಿನಲ್ಲಿ ಕೆಲವು ನಿಮಿಷ ಉರಿದರೂ ಹೊರಮೈ ತಣ್ಣಗೇ ಉಳಿದರೆ, ಶಾಖವೆಲ್ಲ ಒಳಗೇ ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು. ಕೈಯಲ್ಲಿ ಹಿಡಿಯಲಾರದಷ್ಟು ಕಾವೇರಿದಾಗ ದೀಪವನ್ನು ಆರಿಸಬೇಕೆಂಬುದು ಬೇರೆ ಮಾತು.

ವಿದ್ಯುತ್ತಿನ ಹಾದಿಯಲ್ಲಿಯೂ ಇಂತಹ ಅಡ್ಡಿಗಳಿವೆ. ಕೋಶವನ್ನು ಒತ್ತಿಹಿಡಿಯುವ ಉಕ್ಕಿನ ಸ್ಪ್ರಿಂಗಿನ ರೋಧ 0.05 ಓಮ್ ಇದ್ದರೆ, 2.8 ಆಂಪಿಯರ್ ಹರಿಯುವಾಗ ಅಲ್ಲಿಯೇ 0.14 ವೋಲ್ಟ್ ನಷ್ಟವಾಗುತ್ತದೆ. ಸ್ಪ್ರಿಂಗಿನ ಎರಡು ತುದಿಗಳ ನಡುವೆ ಬಾಗುವ ತಾಮ್ರದ ಹೆಣಿಗೆ ತಂತಿಯನ್ನು ಬೆಸೆದರೆ ಈ ನಷ್ಟ ತಪ್ಪುತ್ತದೆ. ಕೋಶ ತುಂಬಿ 4.2 ವೋಲ್ಟ್ ಇರುವಾಗ ಇದರ ಪ್ರಯೋಜನ ಕಾಣದು; ಕೋಶ ಇಳಿಯುತ್ತ ಬಂದಾಗ ಬೆಳಕು ಬೇಗ ಮಂಕಾಗದಿರುವುದರಲ್ಲಿ ಅದು ಕಾಣುತ್ತದೆ.

ದೂರದ ವಸ್ತುವನ್ನು ಕಾಣಬೇಕೆಂದಿದ್ದರೆ ಪ್ರವಾಹಕ್ಕಿಂತಲೂ ಪ್ರತಿಫಲಕದ ಕಡೆಗೆ ಗಮನ ಕೊಡುವುದು ಲೇಸು. ದೀಪ್ತಿಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದಷ್ಟೆ. ಆದುದರಿಂದ ಶೇಕಡಾ 38 ಹೆಚ್ಚು ಬೆಳಕಿನಿಂದ 100 ಮೀಟರಿನ ವ್ಯಾಪ್ತಿ ಸುಮಾರು 117 ಮೀಟರಿಗೆ ಏರುವುದೇ ಹೊರತು 138ಕ್ಕಲ್ಲ. ಅದೇ ಎಲ್‌ಇಡಿಗೆ ಇಮ್ಮಡಿ ವ್ಯಾಸದ ಉತ್ತಮ ಪ್ರತಿಫಲಕವನ್ನು ಜೋಡಿಸಿದರೆ, ಕಿರಣದ ನಡುವಿನ ತೀವ್ರತೆ ನಾಲ್ಮಡಿಯ ಹತ್ತಿರಕ್ಕೆ ಬಂದು ವ್ಯಾಪ್ತಿ ಸುಮಾರು ಇಮ್ಮಡಿಯಾಗುತ್ತದೆ. ಇದಕ್ಕೆ ಹೆಚ್ಚಿನ ಶಾಖವೂ ಇಲ್ಲ, ಹೆಚ್ಚಿನ ವಿದ್ಯುತ್ತೂ ಬೇಡ.

ಕೆಲವು ಎಚ್ಚರಿಕೆಗಳನ್ನು ಇಲ್ಲಿ ಹೇಳದಿರಲಾಗದು. ಲಿಥಿಯಂ ಅಯಾನ್ ಕೋಶದ ಧ್ರುವಗಳು ಆಕಸ್ಮಿಕವಾಗಿ ಒಂದಕ್ಕೊಂದು ತಗುಲಿದರೆ ಬೆಂಕಿ ಹೊತ್ತಬಹುದು; ಆದುದರಿಂದ ಟಾರ್ಚನ್ನು ಬಿಚ್ಚುವ ಮುನ್ನ ಕೋಶವನ್ನು ಹೊರತೆಗೆದಿಡಬೇಕು. ಕೋಶದ ಮೇಲೆ ನೇರವಾಗಿ ಬೆಸುಗೆ ಹಾಕಲೇಬಾರದು. ನಾವು ಸೆಳೆಯಲಿರುವ ಪ್ರವಾಹವನ್ನು ಕೊಡಬಲ್ಲುದೆಂದು ನಮೂದಾಗಿರುವ ಕೋಶವನ್ನೇ ಆರಿಸಬೇಕು. ಉರಿಯುವ ದೀಪವನ್ನು ಎಂದಿಗೂ ಕಣ್ಣಿಗೆ ಹಿಡಿದು ಪರೀಕ್ಷಿಸಬಾರದು.

ಟಾರ್ಚನ್ನು ಬಿಚ್ಚುವ ಮೊದಲು ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಬಹುದು. ಕತ್ತಲೆಯ ಕೋಣೆಯಲ್ಲಿ ಕೋಶವನ್ನು ಪೂರ್ಣವಾಗಿ ತುಂಬಿದ ಟಾರ್ಚನ್ನು ಬಿಳಿಯ ಗೋಡೆಗೆ ತಿರುಗಿಸಿ, ಗೋಡೆಯಿಂದ ಮರಳಿದ ಬೆಳಕನ್ನು ಬೆಳಕುಮಾಪಕದಿಂದಾಗಲಿ ಮೊಬೈಲ್ ಫೋನಿನ ಬೆಳಕಿನ ಸಂವೇದಕದಿಂದಾಗಲಿ ಅಳೆಯಿರಿ. ಐದು ನಿಮಿಷಗಳ ಅನಂತರ ಏನನ್ನೂ ಕದಲಿಸದೆ ಮತ್ತೆ ಅಳೆಯಿರಿ. ಎರಡನೆಯ ಅಳತೆ ಬಹಳ ಇಳಿದು, ಟಾರ್ಚಿನ ತಲೆ ಇನ್ನೂ ತಣ್ಣಗಿದ್ದರೆ ಅದಕ್ಕೆ ಬೇಕಾದುದು ಹೆಚ್ಚಿನ ಪ್ರವಾಹವಲ್ಲ, ಶಾಖಕ್ಕೆ ಹೊರಹೋಗಲು ಒಳ್ಳೆಯ ದಾರಿ. ಆ ದಾರಿಯನ್ನು ಸರಿಪಡಿಸಿ ಮೂರನೆಯ ಬಾರಿ ಅಳೆದಾಗ ಇಳಿತವು ಎಷ್ಟು ಕಡಿಮೆಯಾಯಿತೆಂಬುದೇ ನಿಮ್ಮ ಕೆಲಸದ ಫಲವನ್ನು ತಿಳಿಸುತ್ತದೆ.